ವಿಗಾನ್ ನೋಡುವ ಬಗೆ: ಫಿಲಿಪ್ಪೀನ್ಸ್‌ನ ಹಳೆಯ ವರ್ತಕರ ಪಟ್ಟಣಕ್ಕೊಂದು ಮಾರ್ಗದರ್ಶಿ

ಫಿಲಿಪ್ಪೀನ್ಸ್‌ಗೆ ಪ್ರವಾಸ ಹೋಗುವ ಕನ್ನಡಿಗರು ಹೆಚ್ಚಾಗಿ ಮನಿಲಾದಲ್ಲಿ ಇಳಿದು, ಬೊರಾಕಾಯ್ ಅಥವಾ ಪಲವಾನ್‌ನ ಕಡಲತೀರಗಳನ್ನು ನೋಡಿಕೊಂಡು ಮರಳುತ್ತಾರೆ. ಆ ದೇಶದ ಇತಿಹಾಸವನ್ನು ಕಣ್ಣಾರೆ ಕಾಣಬೇಕೆಂಬ ಆಸೆಯುಳ್ಳವರು ಮನಿಲಾದಿಂದ ಸುಮಾರು 400 ಕಿಲೋಮೀಟರ್ ಉತ್ತರಕ್ಕೆ, ಲೂಸಾನ್ ದ್ವೀಪದ ವಾಯವ್ಯ ಕರಾವಳಿಗೆ ಹೋಗಬೇಕು. ಅಲ್ಲಿನ ಇಲೊಕೊಸ್ ಸುರ್ ಪ್ರಾಂತ್ಯದ ರಾಜಧಾನಿಯಾದ ವಿಗಾನ್, ಸ್ಪೇನಿನ ಆಳ್ವಿಕೆಯ ಕಾಲದ ಬೀದಿಗಳನ್ನೂ ಮನೆಗಳನ್ನೂ ಇಂದಿಗೂ ಉಳಿಸಿಕೊಂಡಿರುವ ಪಟ್ಟಣ. 1999ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಬಹುತೇಕ ಪ್ರವಾಸಿಗಳು ವಿಗಾನನ್ನು ಅರ್ಧ ದಿನದಲ್ಲಿ ಮುಗಿಸುತ್ತಾರೆ. ಕಾಯೆ ಕ್ರಿಸೊಲೊಗೊ ಎಂಬ ಒಂದು ಬೀದಿಯಲ್ಲಿ ಫೋಟೊ ತೆಗೆಸಿಕೊಂಡು, ಕುದುರೆಗಾಡಿಯಲ್ಲಿ ಒಂದು ಸುತ್ತು ಹಾಕಿ, ಮುಂದಿನ ಊರಿಗೆ ಹೊರಟುಬಿಡುತ್ತಾರೆ. ಹಾಗೆ ನೋಡಿದರೆ ಊರು ಸುಂದರವಾದ ಹಿನ್ನೆಲೆಯಾಗಿ ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಈ ಮನೆಗಳನ್ನು ಕಟ್ಟಿಸಿದ ಹಣ ಎಲ್ಲಿಂದ ಬಂತು, ಯಾರ ದುಡಿಮೆಯಿಂದ ಬಂತು ಎಂಬುದನ್ನು ತಿಳಿಸುವ ಸ್ಥಳಗಳೆಲ್ಲ ಆ ಬೀದಿಯ ಆಚೆಗಿವೆ. ಆದ್ದರಿಂದ ಕನಿಷ್ಠ ಎರಡು ರಾತ್ರಿ ಅಲ್ಲಿ ತಂಗಬೇಕು ಮತ್ತು ನೋಡುವ ಸ್ಥಳಗಳ ಅನುಕ್ರಮವನ್ನು ಸ್ವಲ್ಪ ಯೋಚಿಸಿ ಇಟ್ಟುಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮುಂದಿನ ಸೂಚನೆಗಳನ್ನೆಲ್ಲ ಆ ಅನುಕ್ರಮದಲ್ಲಿಯೇ ಕೊಟ್ಟಿದ್ದೇನೆ.

ಹೊರಡುವ ಮುನ್ನ

ಮೊದಲು ಕಾಲವನ್ನು ಗೊತ್ತುಮಾಡಿಕೊಳ್ಳಿ. ಇಲೊಕೊಸ್ ಪ್ರದೇಶದಲ್ಲಿ ಮಳೆಗಾಲ ಮತ್ತು ಒಣಗಾಲಗಳ ನಡುವಿನ ವ್ಯತ್ಯಾಸ ಬಹಳ ಸ್ಪಷ್ಟವಾಗಿದೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ ಬಹಳ ಕಡಿಮೆ. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಮಳೆಗಾಲ, ಅದರಲ್ಲೂ ಜುಲೈ ನಂತರ ಚಂಡಮಾರುತಗಳ ಭಯ ಹೆಚ್ಚು. ನಡೆದು ನೋಡಬೇಕಾದ ಊರಾದ್ದರಿಂದ ಡಿಸೆಂಬರ್, ಜನವರಿ, ಫೆಬ್ರುವರಿ ತಿಂಗಳುಗಳು ಅತ್ಯಂತ ಹಿತಕರ. ಜನವರಿ 25ರಂದು ಊರಿನ ರಕ್ಷಕ ಸಂತನಾದ ಪೌಲನ ಹಬ್ಬ ನಡೆಯುತ್ತದೆ. ಏಪ್ರಿಲ್ ಕೊನೆ ಮತ್ತು ಮೇ ಮೊದಲ ವಾರದ ಸುಮಾರಿಗೆ ನೇಕಾರಿಕೆಯ ಹೆಸರಿನಲ್ಲಿ ನಡೆಯುವ ಬಿನತ್ಬತಾನ್ ಉತ್ಸವದಲ್ಲಿ ಬೀದಿ ಕುಣಿತವಿರುತ್ತದೆ, ಆದರೆ ಆಗ ಬಿಸಿಲೂ ಅಷ್ಟೇ ತೀವ್ರ. ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಇಡೀ ದೇಶವೇ ತವರೂರುಗಳಿಗೆ ಹೊರಡುವುದರಿಂದ ಬಸ್ಸಿನ ಸೀಟು, ಹೋಟೆಲಿನ ಕೋಣೆ ಎರಡೂ ದುರ್ಲಭ. ಮೊದಲ ಬಾರಿ ಹೋಗುವವರು ಆ ವಾರವನ್ನು ಬಿಟ್ಟುಬಿಡುವುದು ಒಳ್ಳೆಯದು.

ಕಾಗದಪತ್ರಗಳ ವಿಷಯ. 2025ರ ಜೂನ್ 8ರಿಂದ ಭಾರತೀಯ ಪ್ರವಾಸಿಗಳಿಗೆ 14 ದಿನಗಳವರೆಗೆ ವೀಸಾ ಇಲ್ಲದೆ ಫಿಲಿಪ್ಪೀನ್ಸ್ ಪ್ರವೇಶಿಸುವ ಅವಕಾಶವನ್ನು ಕೊಡಲಾಗಿದೆ. ಅಮೆರಿಕ, ಜಪಾನ್, ಆಸ್ಟ್ರೇಲಿಯ, ಕೆನಡಾ, ಷೆಂಗೆನ್ ದೇಶಗಳು, ಸಿಂಗಪುರ ಅಥವಾ ಬ್ರಿಟನ್ನಿನ ಚಾಲ್ತಿಯಲ್ಲಿರುವ ವೀಸಾ ಅಥವಾ ವಾಸದ ಪರವಾನಗಿ ಇದ್ದವರಿಗೆ ಈ ಅವಧಿ 30 ದಿನ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು. ಹಿಂದಿರುಗುವ ಟಿಕೆಟ್, ಹೋಟೆಲ್ ಕಾಯ್ದಿರಿಸಿದ ಪತ್ರ ಮತ್ತು ಖರ್ಚಿಗೆ ಹಣವಿದೆ ಎಂಬುದಕ್ಕೆ ದಾಖಲೆ ಕೈಯಲ್ಲಿರಬೇಕು. ಇಂತಹ ನಿಯಮಗಳು ಬದಲಾಗುತ್ತಿರುವುದರಿಂದ ಟಿಕೆಟ್ ಕೊಳ್ಳುವ ಮೊದಲು ಫಿಲಿಪ್ಪೀನ್ಸ್ ರಾಯಭಾರ ಕಚೇರಿಯ ಪ್ರಕಟಣೆಯನ್ನು ಒಮ್ಮೆ ನೋಡಿಕೊಳ್ಳಿ. ಇದರ ಜೊತೆಗೆ, ತಲುಪುವ ಮೊದಲಿನ 72 ಗಂಟೆಗಳೊಳಗೆ ಇ-ಟ್ರಾವೆಲ್ ಎಂಬ ಸರ್ಕಾರಿ ಜಾಲತಾಣದಲ್ಲಿ ವಿವರಗಳನ್ನು ತುಂಬಿ, ಅದು ಕೊಡುವ ಕ್ಯೂಆರ್ ಕೋಡನ್ನು ಫೋನಿನಲ್ಲಿ ಉಳಿಸಿಕೊಳ್ಳಬೇಕು. ಈ ನೋಂದಣಿಗೆ ಶುಲ್ಕವಿಲ್ಲ. ಹಣ ಕೇಳುವ ಜಾಲತಾಣ ಕಂಡುಬಂದರೆ ಅದು ಅಧಿಕೃತವಲ್ಲ ಎಂದು ತಿಳಿಯಿರಿ.

ಒಂದು ಪೆಸೊ ನಮ್ಮ ಒಂದೂವರೆ ರೂಪಾಯಿಯ ಆಸುಪಾಸಿನಲ್ಲಿದೆ. ವಿಗಾನ್‌ನಲ್ಲಿ ಎಟಿಎಂಗಳಿವೆ, ಆದರೆ ಮೂರು ಚಕ್ರದ ಗಾಡಿಯವರು, ತಿಂಡಿ ಅಂಗಡಿಯವರು, ಸಣ್ಣ ನೇಕಾರರು ದೊಡ್ಡ ನೋಟಿಗೆ ಚಿಲ್ಲರೆ ಕೊಡುವುದು ಕಷ್ಟವಾದ್ದರಿಂದ 20, 50, 100 ಪೆಸೊ ನೋಟುಗಳನ್ನು ಮನಿಲಾದಲ್ಲಿಯೇ ಒಟ್ಟುಮಾಡಿಕೊಳ್ಳಿ. ಅಲ್ಲಿನ ಪ್ಲಗ್‌ಗಳು ಚಪ್ಪಟೆ ಕಾಲಿನವು, ನಮ್ಮ ದುಂಡು ಕಾಲಿನ ಪ್ಲಗ್ ಹಲವೆಡೆ ಹಿಡಿಸುವುದಿಲ್ಲ. ಆದ್ದರಿಂದ ಒಂದು ಅಡಾಪ್ಟರ್ ಬೇಕು. ಗಡಿಯಾರವನ್ನು ಎರಡೂವರೆ ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳಿ.

ಮನಿಲಾದಿಂದ ವಿಗಾನ್‌ಗೆ

ಬೆಂಗಳೂರಿನಿಂದ ಹೊರಡುವವರು ಸಿಂಗಪುರ, ಕ್ವಾಲಾಲಂಪುರ, ಬ್ಯಾಂಕಾಕ್ ಅಥವಾ ಹಾಂಗ್‌ಕಾಂಗ್‌ನಲ್ಲಿ ವಿಮಾನ ಬದಲಿಸಿ ಮನಿಲಾ ತಲುಪುವುದು ವಾಡಿಕೆ. ಅಲ್ಲಿಂದ ಮುಂದಕ್ಕೆ ಎರಡು ದಾರಿಗಳಿವೆ.

ಮೊದಲನೆಯದು ಬಸ್ಸು. ಕ್ವೆಸೋನ್ ಸಿಟಿಯ ಕುಬಾವೊ ಭಾಗದಿಂದ ಪಾರ್ತಾಸ್, ಡೊಮಿನಿಯನ್ ಮುಂತಾದ ಕಂಪನಿಗಳ ಬಸ್ಸುಗಳು ಹೊರಡುತ್ತವೆ; ಪ್ರಯಾಣ ಎಂಟರಿಂದ ಹತ್ತು ಗಂಟೆ. ರಾತ್ರಿ ಒಂಬತ್ತು ಹತ್ತರ ಬಸ್ಸು ಹಿಡಿದರೆ ನಸುಕಿನಲ್ಲಿ ಇಳಿಯಬಹುದು, ಒಂದು ರಾತ್ರಿಯ ಹೋಟೆಲ್ ಖರ್ಚೂ ಉಳಿಯುತ್ತದೆ. ಈ ಬಸ್ಸುಗಳಲ್ಲಿ ಹವಾನಿಯಂತ್ರಣವನ್ನು ಮೈ ನಡುಗುವಷ್ಟು ಜೋರಾಗಿ ಇಡುವುದರಿಂದ ಶಾಲು, ಕಾಲುಚೀಲ, ಕಿವಿ ಮುಚ್ಚುವ ಟೋಪಿ ಕೈಚೀಲದಲ್ಲಿಯೇ ಇರಲಿ. ಲಾವಾಗ್ ನಗರದವರೆಗೆ ಹೋಗುವ ಕೆಲವು ಬಸ್ಸುಗಳು ವಿಗಾನ್ ಪೇಟೆಯೊಳಗೆ ಬರದೆ, ಪಕ್ಕದ ಬಂತಾಯ್ ಊರಿನ ಹೆದ್ದಾರಿಯಲ್ಲಿ ಇಳಿಸುತ್ತವೆ. ಟಿಕೆಟ್ ಕೊಳ್ಳುವಾಗಲೇ ಇದನ್ನು ಕೇಳಿಕೊಳ್ಳಬೇಕು. ಬಂತಾಯ್‌ನಲ್ಲಿ ಇಳಿದರೂ ಚಿಂತೆಯಿಲ್ಲ, ಟ್ರೈಸಿಕಲ್ ಎಂದು ಕರೆಯುವ, ಪಕ್ಕದಲ್ಲಿ ಗೂಡು ಕಟ್ಟಿದ ಮೋಟಾರ್‌ಸೈಕಲ್ ಕೆಲವೇ ನಿಮಿಷಗಳಲ್ಲಿ ಪೇಟೆಗೆ ಮುಟ್ಟಿಸುತ್ತದೆ.

ಎರಡನೆಯದು ವಿಮಾನ. ಮನಿಲಾದಿಂದ ಲಾವಾಗ್‌ಗೆ ಹಾರಿ, ಅಲ್ಲಿಂದ ದಕ್ಷಿಣಕ್ಕೆ ಸುಮಾರು 80 ಕಿಲೋಮೀಟರ್ ಬಸ್ಸಿನಲ್ಲಿ ಅಥವಾ ಬಾಡಿಗೆ ಗಾಡಿಯಲ್ಲಿ ಬರಬೇಕು. ವಯಸ್ಸಾದವರೊಂದಿಗೆ ಹೋಗುವವರಿಗೆ ಇದೇ ಸರಿ. ಈ ದಾರಿಯಲ್ಲಿ ಒಂದು ಲಾಭವೂ ಇದೆ: ನಡುವೆ ಪವಾಯ್ ಊರಿನ ಸಂತ ಅಗಸ್ಟೀನನ ಚರ್ಚು ಸಿಗುತ್ತದೆ. 1710ರಲ್ಲಿ ಪೂರ್ಣಗೊಂಡ ಆ ಕಟ್ಟಡದ ಎರಡೂ ಬದಿಗೆ, ಭೂಕಂಪವನ್ನು ತಡೆಯಲೆಂದೇ ಕಟ್ಟಿದ ಭಾರಿ ಆನೆಗೋಡೆಗಳಿವೆ. ಹವಳದ ಕಲ್ಲು ಮತ್ತು ಇಟ್ಟಿಗೆಗಳ ಆ ಗೋಡೆಗಳನ್ನು ನೋಡಲೆಂದೇ ಬಾಡಿಗೆ ಗಾಡಿಯನ್ನು ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಂಡರೂ ಹಣ ವ್ಯರ್ಥವಲ್ಲ.

ತಂಗಲು ಹಳೆಯ ಪೇಟೆಯೊಳಗೇ ಕೋಣೆ ಹಿಡಿಯಿರಿ. ಹಲವು ಹಳೆಯ ಮನೆಗಳನ್ನು ವಸತಿಗೃಹಗಳನ್ನಾಗಿ ಮಾಡಿದ್ದಾರೆ. ಅವುಗಳ ಮಹಡಿಯ ಮರದ ನೆಲ ಕಿರುಗುಟ್ಟುತ್ತದೆ, ಮಾಳಿಗೆಯ ಮೆಟ್ಟಿಲುಗಳು ಕಡಿದಾಗಿರುತ್ತವೆ, ಲಿಫ್ಟ್ ಇರುವುದು ಅಪರೂಪ. ಮೊಣಕಾಲು ನೋವಿರುವವರು ನೆಲ ಅಂತಸ್ತಿನ ಕೋಣೆಯನ್ನು ಮೊದಲೇ ಕೇಳಬೇಕು. ಪೇಟೆಯೊಳಗೆ ತಂಗಿದರೆ ಬೆಳಗಿನ ಆರು ಗಂಟೆಗೆ ಬೀದಿಗೆ ಇಳಿಯಬಹುದು, ಅದರ ಪ್ರಯೋಜನ ಮುಂದೆ ತಿಳಿಯುತ್ತದೆ.

ಮೊದಲ ಬೆಳಗು: ಮನೆಗಳನ್ನು ಓದುವುದು

ಕಾಯೆ ಕ್ರಿಸೊಲೊಗೊ ಬೀದಿಗೆ ಮೋಟಾರು ವಾಹನಗಳ ಪ್ರವೇಶವಿಲ್ಲ. ಆದರೂ ಹತ್ತು ಗಂಟೆಯ ಹೊತ್ತಿಗೆ ಪ್ರವಾಸಿ ಬಸ್ಸುಗಳ ಜನ ತುಂಬಿಕೊಂಡು, ಅಂಗಡಿಗಳ ಸರಕು ಬಾಗಿಲ ಮುಂದೆ ಹರಡಿಕೊಂಡು, ಕಟ್ಟಡಗಳ ಕೆಳಭಾಗವೇ ಕಾಣದಂತಾಗುತ್ತದೆ. ಆರರಿಂದ ಎಂಟರವರೆಗಿನ ಎರಡು ಗಂಟೆಗಳಲ್ಲಿ ಬಾಗಿಲುಗಳು ಮುಚ್ಚಿರುತ್ತವೆ, ಎಳೆಬಿಸಿಲು ಓರೆಯಾಗಿ ಬೀಳುತ್ತದೆ, ಮನೆಯ ಪೂರ್ಣ ಆಕಾರ ಕಣ್ಣಿಗೆ ಸಿಗುತ್ತದೆ. ಬೀದಿಗೆ ಹಾಸಿದ ಕಲ್ಲುಗಳು ಏರುತಗ್ಗಾಗಿರುವುದರಿಂದ ಹಿಮ್ಮಡಿ ಎತ್ತರವಿಲ್ಲದ, ಹಿಡಿತವಿರುವ ಪಾದರಕ್ಷೆ ಬೇಕು.

ಯಾವುದಾದರೊಂದು ಮನೆಯ ಎದುರು ನಿಂತು ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋಗಿ. ಕೆಳಗೆ ದಪ್ಪ ಇಟ್ಟಿಗೆಯ ಗೋಡೆ, ಅದರ ಮೇಲೆ ಸುಣ್ಣದ ಗಾರೆ. ಗಾರೆ ಉದುರಿದ ಕಡೆ ಒಳಗಿನ ಇಟ್ಟಿಗೆಗಳ ವರಸೆ ಕಾಣುತ್ತದೆ. ನಡುವೆ ಕುದುರೆಗಾಡಿಯೇ ಒಳಹೋಗುವಷ್ಟು ದೊಡ್ಡ ಬಾಗಿಲು. ಅದರ ಹಿಂದಿನ ಕಲ್ಲುಹಾಸಿನ ಅಂಗಳವೇ ಸಾಗ್ವಾನ್. ಗಾಡಿ ನಿಲ್ಲಿಸುವುದು, ಸರಕಿನ ಮೂಟೆ ಇಳಿಸುವುದು, ದಾಸ್ತಾನು ಮಾಡುವುದು ಎಲ್ಲವೂ ಅಲ್ಲಿಯೇ ನಡೆಯುತ್ತಿತ್ತು. ಮನೆಯವರು ವಾಸ ಮಾಡುತ್ತಿದ್ದುದು ಮಹಡಿಯಲ್ಲಿ. ಮಹಡಿಯ ಉದ್ದಕ್ಕೂ ಇರುವ ಕಿಟಕಿಗಳಲ್ಲಿ ಗಾಜಿನ ಬದಲು ಕಪೀಸ್ ಎಂಬ ಕಡಲಚಿಪ್ಪಿನ ಚಿಕ್ಕ ಚೌಕಗಳನ್ನು ಮರದ ಚೌಕಟ್ಟಿನಲ್ಲಿ ಕೂರಿಸಿರುತ್ತಾರೆ. ಆ ಚಿಪ್ಪು ಬೆಳಕನ್ನು ಒಳಬಿಡುತ್ತದೆ, ಆದರೆ ಬಿಸಿಲಿನ ತೀಕ್ಷ್ಣತೆಯನ್ನು ತಡೆಯುತ್ತದೆ, ಹೊರಗಿನವರಿಗೆ ಒಳಗೇನಿದೆ ಎಂದು ಕಾಣಿಸದು. ಈ ಕಿಟಕಿಗಳು ಬಾಗಿಲಿನಂತೆ ತೆರೆದುಕೊಳ್ಳದೆ ಅಕ್ಕಪಕ್ಕಕ್ಕೆ ಜಾರುತ್ತವೆ. ಕಿಟಕಿಯ ಹೊಸ್ತಿಲ ಕೆಳಗೆ ನೆಲದವರೆಗೂ ಇನ್ನೊಂದು ಚಿಕ್ಕ ಸಾಲು ಇದೆ. ವೆಂತಾನಿಯಾ ಎಂಬ ಆ ಕಿಂಡಿಗಳನ್ನು ಸರಿಸಿದರೆ ದೊಡ್ಡ ಕಿಟಕಿ ಮುಚ್ಚಿದ್ದಾಗಲೂ ಗಾಳಿ ನೆಲಮಟ್ಟದಲ್ಲಿ ಹರಿದು ಬರುತ್ತದೆ. ಸೆಕೆಯ ನಾಡಿನಲ್ಲಿ ರಾತ್ರಿ ನೆಲದ ಮೇಲೆ ಮಲಗುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಇರಲಿಲ್ಲ. ಮೇಲಿನ ಕಡಿದಾದ ಇಳಿಜಾರಿನ ಮಾಡಿನಲ್ಲಿ ಚೀನೀ ಕಟ್ಟಡಗಳ ಛಾಯೆಯಿದೆ.

ಈ ಮಿಶ್ರಣಕ್ಕೆ ಕಾರಣ ಊರಿನ ವ್ಯಾಪಾರ. ಸ್ಪೇನಿನವರು ಬರುವ ಮೊದಲೇ ಚೀನಾದ ವರ್ತಕರು ಇಲ್ಲಿಗೆ ಬರುತ್ತಿದ್ದರು, ಪೂರ್ವದ ಕೊರ್ದಿಯೇರಾ ಬೆಟ್ಟಗಳ ಚಿನ್ನ, ಜೇನುಮೇಣ ಮುಂತಾದ ಸರಕನ್ನು ಕೊಳ್ಳುತ್ತಿದ್ದರು. 1572ರಲ್ಲಿ ಸ್ಪೇನಿನ ದಂಡನಾಯಕ ಹ್ವಾನ್ ದೆ ಸಾಲ್ಸೆದೊ ಇಲ್ಲಿ ಸ್ಪ್ಯಾನಿಷ್ ಪಟ್ಟಣವನ್ನು ಸ್ಥಾಪಿಸಿ, ಎರಡನೆಯ ಫಿಲಿಪ್ ದೊರೆಯ ಮಗನ ಹೆಸರಿನಲ್ಲಿ ವಿಯಾ ಫೆರ್ನಾಂದಿನಾ ಎಂದು ಕರೆದನು. ಮುಂದಿನ ಶತಮಾನಗಳಲ್ಲಿ ಚೀನೀ ವರ್ತಕರೂ ಇಲೊಕಾನೊ ಎಂಬ ಸ್ಥಳೀಯ ಜನಾಂಗದ ಹೆಂಗಸರೂ ಮದುವೆಯಾಗಿ ಹುಟ್ಟಿದ ಮೆಸ್ತೀಸೊ (ಮಿಶ್ರ ಮೂಲದ) ಕುಟುಂಬಗಳು ಬಟ್ಟೆಗೆ ಬಣ್ಣ ಹಾಕುವ ನೀಲಿ, ಹೊಗೆಸೊಪ್ಪು, ಹತ್ತಿಬಟ್ಟೆಗಳ ವ್ಯಾಪಾರದಿಂದ ಸಿರಿವಂತವಾದವು. ಇಂದು ನಾವು ನೋಡುವ ಮನೆಗಳಲ್ಲಿ ಬಹುಪಾಲು ಅವರ ಬಡಾವಣೆಯಾದ ಕಸಂಗ್ಲಾಯಾನ್‌ಗೆ ಸೇರಿದವು. ಸರಕು ಸಾಗಿಸುತ್ತಿದ್ದ ಮೆಸ್ತೀಸೊ ನದಿಯಲ್ಲಿ ಹೂಳು ತುಂಬಿ ದೊಡ್ಡ ಹಡಗುಗಳು ಬಾರದಂತಾದ ಮೇಲೆ ಊರಿನ ವ್ಯಾಪಾರ ಕುಗ್ಗಿತು. ಹಳೆಯ ಮನೆಗಳನ್ನು ಕೆಡವಿ ಹೊಸದನ್ನು ಕಟ್ಟುವ ಒತ್ತಡ ಇಲ್ಲವಾದುದೂ ಅವು ಉಳಿಯಲು ಒಂದು ಕಾರಣವೆಂದು ನನಗೆ ತೋರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಮನಿಲಾದ ಕೋಟೆಯೊಳಗಿನ ಪೇಟೆ ನೆಲಸಮವಾದರೂ ವಿಗಾನ್ ಉಳಿಯಿತು. ಇಲ್ಲಿಯ ಹೆಣ್ಣನ್ನು ಮದುವೆಯಾಗಿದ್ದ ಜಪಾನೀ ಅಧಿಕಾರಿಯೊಬ್ಬ ಹಿಂದೆ ಸರಿಯುವಾಗ ಊರನ್ನು ಸುಡದಂತೆ ನೋಡಿಕೊಂಡನೆಂಬ ಕಥೆಯನ್ನು ಊರವರು ಪ್ರೀತಿಯಿಂದ ಹೇಳುತ್ತಾರೆ.

ಒಂದು ಬೀದಿಗೆ ನಿಲ್ಲದೆ ಅಡ್ಡಬೀದಿಗಳಿಗೂ ಹೋಗಿ. ಯುನೆಸ್ಕೊ ಗುರುತಿಸಿದ ಭಾಗದಲ್ಲಿ 25 ಬೀದಿಗಳ ಜಾಲವೂ 233 ಐತಿಹಾಸಿಕ ಕಟ್ಟಡಗಳೂ ಇವೆ. ಅಂಗಡಿಗಳಿಲ್ಲದ ಬೀದಿಗಳಲ್ಲಿ ಬಟ್ಟೆ ಒಣಗಿಸುವ, ಶಾಲೆಗೆ ಮಕ್ಕಳನ್ನು ಹೊರಡಿಸುವ ಸಂಸಾರಗಳು ಇದೇ ಬಗೆಯ ಮನೆಗಳಲ್ಲಿ ಬದುಕುತ್ತಿರುವುದು ಕಾಣುತ್ತದೆ. ತೆರೆದ ಬಾಗಿಲು ಕಂಡಿತೆಂದು ಒಳನುಗ್ಗಬಾರದು. ಒಳಗಿನ ರೂಪ ನೋಡಬೇಕೆಂದರೆ ಸಿಕಿಯಾ ಮಹಲಿಗೆ ಹೋಗಿ. ದೇಶದ ಆರನೆಯ ಅಧ್ಯಕ್ಷರಾದ ಎಲ್ಪಿದಿಯೊ ಕಿರಿನೊ ಅವರ ಪತ್ನಿಯ ಮನೆತನದ ಈ ಮನೆಯಲ್ಲಿ ಪಡಸಾಲೆ, ಊಟದ ಮನೆ, ಮಂಚಗಳು ಬಳಸುತ್ತಿದ್ದಂತೆಯೇ ಇವೆ. ಹಲಗೆಗಳ ಅಗಲವನ್ನು ನೋಡಿ. ಅಂಥ ಮರಗಳು ಇಂದು ಸಿಗುವುದಿಲ್ಲ.

ಸೆರೆಮನೆಯಲ್ಲಿ ಒಂದು ಮಧ್ಯಾಹ್ನ

ಬಿಸಿಲೇರಿದ ಮೇಲೆ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಇಲೊಕೊಸ್ ಶಾಖೆಗೆ ಹೋಗಿ. ಪ್ರವೇಶ ಉಚಿತ, ಸೋಮವಾರ ರಜೆ. ವಿಗಾನ್‌ಗೆ ಬಂದು ಇದನ್ನು ನೋಡದೆ ಹೋಗುವವರೇ ಹೆಚ್ಚು, ಅದು ನನಗೆ ನಿಜವಾಗಿ ಬೇಸರದ ಸಂಗತಿ. ಏಕೆಂದರೆ ಊರಿನ ಇನ್ನೊಂದು ಮುಖ ಇಲ್ಲಿದೆ.

ಸಂಗ್ರಹಾಲಯದ ಒಂದು ಭಾಗ ಪ್ರಾಂತ್ಯದ ಹಳೆಯ ಸೆರೆಮನೆ. ಅಧ್ಯಕ್ಷ ಕಿರಿನೊ 1890ರಲ್ಲಿ ಹುಟ್ಟಿದ್ದು ಇದೇ ಕಟ್ಟಡದಲ್ಲಿ, ಅವರ ತಂದೆ ಆಗ ಸೆರೆಮನೆಯ ಅಧಿಕಾರಿಯಾಗಿದ್ದರು. ಈಗ ಅಲ್ಲಿ ಎಸ್ತೆಬಾನ್ ವಿಯಾನುವೇವಾ 1821ರಲ್ಲಿ ಬರೆದ 14 ವರ್ಣಚಿತ್ರಗಳಿವೆ. ವಿಷಯ 1807ರ ಬಾಸಿ ದಂಗೆ. ಬಾಸಿ ಎಂದರೆ ಕಬ್ಬಿನ ಹಾಲಿನಿಂದ ಇಲೊಕಾನೊ ಜನ ಮನೆಮನೆಯಲ್ಲಿ ಮಾಡಿಕೊಳ್ಳುತ್ತಿದ್ದ ಮದ್ಯ. ಮದುವೆಗೂ ಸಾವಿಗೂ ಅದು ಬೇಕಿತ್ತು. ಅದರ ತಯಾರಿಕೆಯನ್ನು ಸ್ಪ್ಯಾನಿಷ್ ಸರ್ಕಾರ ತನ್ನ ಹಿಡಿತಕ್ಕೆ ತೆಗೆದುಕೊಂಡು, ಜನರು ತಮ್ಮದೇ ಪಾನೀಯವನ್ನು ಸರ್ಕಾರಿ ಅಂಗಡಿಯಲ್ಲಿ ಕೊಳ್ಳಬೇಕಾದಂತೆ ಮಾಡಿದಾಗ, ಉತ್ತರದ ಪಿದ್ದಿಗ್ ಊರಿನಿಂದ ರೈತರು ದಂಗೆಯೆದ್ದು ವಿಗಾನ್‌ನತ್ತ ಹೊರಟರು. ದಾರಿಯಲ್ಲಿ ಬಂತಾವಾಯ್ ನದಿಯ ದಡದಲ್ಲಿ ಸೈನ್ಯ ಅವರನ್ನು ಸೋಲಿಸಿತು. ಚಿತ್ರಗಳನ್ನು ಆತುರಪಡದೆ ಒಂದಾದ ಮೇಲೊಂದರಂತೆ ನೋಡಿ: ಸಾಲಾಗಿ ಸಾಗುವ ಸೈನಿಕರು, ಆಕಾಶದಲ್ಲಿ ಆ ವರ್ಷ ಕಂಡ ಧೂಮಕೇತು, ಕೊನೆಗೆ ದಂಗೆಕೋರರಿಗಾದ ಶಿಕ್ಷೆ. ದಂಗೆಯಾಗಿ 14 ವರ್ಷಗಳ ಬಳಿಕ ಬರೆದ ಈ ಚಿತ್ರಗಳು ಗೆದ್ದವರ ಕಡೆಯಿಂದ ನೋಡಿದ ಚರಿತ್ರೆಯೆಂಬುದು ನೆನಪಿರಲಿ. ಬೆಳಿಗ್ಗೆ ನೋಡಿದ ಸಿರಿವಂತ ಮನೆಗಳ ಕಾಲದಲ್ಲಿಯೇ ಹಳ್ಳಿಯವರ ಪಾಡು ಹೇಗಿತ್ತೆಂಬುದು ಇಲ್ಲಿ ತಿಳಿಯುತ್ತದೆ.

ಅದೇ ಆವರಣಕ್ಕೆ ಸೇರಿದ ಇನ್ನೊಂದು ಮನೆ, ಪಾದ್ರಿ ಹೋಸೆ ಬುರ್ಗೋಸ್ 1837ರಲ್ಲಿ ಹುಟ್ಟಿದ್ದು. ಫಿಲಿಪ್ಪೀನ್ಸ್ ಮೂಲದ ಪಾದ್ರಿಗಳಿಗೂ ಚರ್ಚುಗಳಲ್ಲಿ ಸಮಾನ ಹಕ್ಕು ಬೇಕೆಂದು ವಾದಿಸಿದ ಅವರನ್ನು, ಮನಿಲಾ ಸಮೀಪದ ಕವೀತೆಯಲ್ಲಿ ನಡೆದ ಸೈನಿಕರ ದಂಗೆಯಲ್ಲಿ ಕೈವಾಡವಿದೆಯೆಂಬ ಆರೋಪ ಹೊರಿಸಿ, 1872ರ ಫೆಬ್ರುವರಿ 17ರಂದು ಇನ್ನಿಬ್ಬರು ಪಾದ್ರಿಗಳೊಂದಿಗೆ ಮನಿಲಾದಲ್ಲಿ ಕೊಲ್ಲಲಾಯಿತು. ಮುಂದಿನ ಪೀಳಿಗೆಯ ರಾಷ್ಟ್ರವಾದಿಗಳೆಲ್ಲ ಈ ಮೂವರನ್ನು ನೆನೆದವರೇ.

ಚೌಕಗಳು ಮತ್ತು ಕೆಥೆಡ್ರಲ್

ಸಂಜೆ ನಾಲ್ಕರ ಬಳಿಕ ಸಾಲ್ಸೆದೊ ಚೌಕಕ್ಕೆ ಬನ್ನಿ. ರಾತ್ರಿ ಇಲ್ಲಿ ಬಣ್ಣದ ಕಾರಂಜಿಯ ಪ್ರದರ್ಶನ ನಡೆಯುತ್ತದೆ, ಮಕ್ಕಳಿಗೆ ಬಹಳ ಹಿಡಿಸುತ್ತದೆ. ಆದರೆ ಅದಕ್ಕೆ ಮೊದಲು ಈ ಚೌಕದ ಕಥೆ ತಿಳಿದಿರಬೇಕು. 1762ರಲ್ಲಿ ಬ್ರಿಟಿಷರು ಮನಿಲಾವನ್ನು ವಶಪಡಿಸಿಕೊಂಡರು. ಆ ದಂಡು ಹೊರಟದ್ದು ಮದ್ರಾಸಿನಿಂದ, ಅದರಲ್ಲಿ ದಕ್ಷಿಣ ಭಾರತದ ಸಿಪಾಯಿಗಳೂ ಇದ್ದರು. ಸ್ಪೇನಿನ ಆಡಳಿತ ಸಡಿಲವಾದ ಆ ಹೊತ್ತಿನಲ್ಲಿ ದಿಯೇಗೊ ಸಿಲಾಂಗ್ ಎಂಬುವನು ವಿಗಾನ್‌ನಲ್ಲಿ ದಂಗೆಯೆದ್ದು, ಬ್ರಿಟಿಷರ ಬೆಂಬಲವನ್ನೂ ಪಡೆದು, ಇಲೊಕೊಸ್ ಸ್ವತಂತ್ರವೆಂದು ಸಾರಿದನು. 1763ರ ಮೇ 28ರಂದು ಅವನ ಸ್ನೇಹಿತನೇ ಅವನನ್ನು ಕೊಂದನು. ಅವನ ಹೆಂಡತಿ ಗಬ್ರಿಯೇಲಾ ಬೆಟ್ಟಗಳಲ್ಲಿ ಜನ ಸೇರಿಸಿ ಹೋರಾಟ ಮುಂದುವರಿಸಿದಳು, ವಿಗಾನ್ ಮೇಲೆ ದಾಳಿಯಿಟ್ಟು ಸೋತಳು, ಅದೇ ಸೆಪ್ಟೆಂಬರ್ 20ರಂದು ಅವಳನ್ನು ಗಲ್ಲಿಗೇರಿಸಿದರು. ಅವಳು ಪ್ರಾಣ ಬಿಟ್ಟದ್ದು ಈ ಚೌಕದಲ್ಲಿ. ಇಂದು ಫಿಲಿಪ್ಪೀನ್ಸ್‌ನ ಮಹಿಳಾ ಚಳವಳಿಗಳು ಅವಳ ಹೆಸರನ್ನು ಇಟ್ಟುಕೊಂಡಿವೆ. ಕಾರಂಜಿಯ ಸಂಗೀತ ಶುರುವಾಗುವ ಮೊದಲು ಅವಳನ್ನು ಒಂದು ಗಳಿಗೆ ನೆನೆಯುವುದು ನಮ್ಮ ಕರ್ತವ್ಯ.

ಚೌಕದ ಪಕ್ಕದಲ್ಲಿಯೇ ಸಂತ ಪೌಲನ ಕೆಥೆಡ್ರಲ್ ಇದೆ. ಈಗಿನ ಕಟ್ಟಡ 1790ರಿಂದ 1800ರವರೆಗಿನ ಅವಧಿಯದು. ಗಂಟೆಗೋಪುರವನ್ನು ಚರ್ಚಿಗೆ ತಾಗಿಸದೆ ದೂರದಲ್ಲಿ ಕಟ್ಟಿರುವುದನ್ನು ಗಮನಿಸಿ. ಭೂಕಂಪದಲ್ಲಿ ಗೋಪುರ ಉರುಳಿದರೂ ಪ್ರಾರ್ಥನೆಯಲ್ಲಿದ್ದವರ ಮೇಲೆ ಬೀಳಬಾರದೆಂಬ ಮುನ್ನೆಚ್ಚರಿಕೆ ಇದು. ಆ ಭಯ ಹಳೆಯ ಕಾಲದ್ದಷ್ಟೇ ಅಲ್ಲ: 2022ರ ಜುಲೈ 27ರಂದು ಪಕ್ಕದ ಅಬ್ರಾ ಪ್ರಾಂತ್ಯದಲ್ಲಿ 7.0 ತೀವ್ರತೆಯ ಭೂಕಂಪವಾದಾಗ ವಿಗಾನ್‌ನ ಅನೇಕ ಹಳೆಯ ಕಟ್ಟಡಗಳು ಬಿರುಕು ಬಿಟ್ಟವು, ಬಂತಾಯ್‌ನ ಪ್ರಸಿದ್ಧ ಗಂಟೆಗೋಪುರದ ಇಟ್ಟಿಗೆಗಳು ಕುಸಿದವು. ದುರಸ್ತಿ ನಡೆಯುತ್ತಿರುವ ಕಟ್ಟಡಗಳ ಹಗ್ಗದ ಬೇಲಿಯನ್ನು ದಾಟಬೇಡಿ, ಗೋಪುರ ಹತ್ತಲು ಅವಕಾಶವಿದೆಯೇ ಎಂದು ಕೇಳಿ ಮುಂದುವರಿಯಿರಿ. ಚರ್ಚಿನೊಳಗೆ ಭುಜ, ಮೊಣಕಾಲು ಮುಚ್ಚುವ ಉಡುಪು ಇರಲಿ. ಪೂಜೆ ನಡೆಯುತ್ತಿರುವಾಗ ಫೋಟೊ ತೆಗೆಯುತ್ತ ಓಡಾಡಬಾರದು.

ಊಟದ ವಿಚಾರ

ಕೆಥೆಡ್ರಲ್‌ನ ಇನ್ನೊಂದು ಪಕ್ಕದ ಬುರ್ಗೋಸ್ ಚೌಕದಲ್ಲಿ ಸಂಜೆ ಎಂಪನಾಡಾ ಅಂಗಡಿಗಳು ಸಾಲಾಗಿ ತೆರೆದಿರುತ್ತವೆ. ಮಾಡುವುದನ್ನು ಹತ್ತಿರ ನಿಂತು ನೋಡಿ. ಕಿತ್ತಳೆ ಬಣ್ಣ ಸೇರಿಸಿದ ಅಕ್ಕಿಹಿಟ್ಟಿನ ಉಂಡೆಯನ್ನು ಎಣ್ಣೆ ಸವರಿದ ಹಾಳೆಯ ಮೇಲೆ ತೆಳ್ಳಗೆ ತಟ್ಟಿ, ತುರಿದ ಹಸಿ ಪರಂಗಿಕಾಯಿ ಹರಡಿ, ಲೊಂಗನೀಸಾ ಎಂಬ ಬೆಳ್ಳುಳ್ಳಿ ಹಾಕಿದ ಹಂದಿಮಾಂಸದ ಸಾಸೇಜನ್ನು ಬಿಡಿಸಿ ಇಟ್ಟು, ಮೇಲೆ ಒಂದು ಮೊಟ್ಟೆ ಒಡೆದು, ಅರ್ಧಚಂದ್ರಾಕಾರಕ್ಕೆ ಮಡಿಸಿ, ಅಂಚನ್ನು ಕತ್ತರಿಸಿ, ಕುದಿಯುವ ಎಣ್ಣೆಗೆ ಜಾರಿಸುತ್ತಾರೆ. ಬಿಸಿಯಿರುವಾಗಲೇ ಕಬ್ಬಿನ ವಿನಿಗರ್‌ನಲ್ಲಿ ಅದ್ದಿ ತಿನ್ನಬೇಕು. ಮಾಂಸ ತಿನ್ನುವವರು ಬೆಳಗಿನ ತಿಂಡಿಗೆ ಲೊಂಗನೀಸಾ, ಮಧ್ಯಾಹ್ನಕ್ಕೆ ಬಾಗ್ನೆಟ್ ಎಂಬ ಗರಿಗರಿಯಾಗಿ ಕರಿದ ಹಂದಿಮಾಂಸವನ್ನು ಅನ್ನದೊಂದಿಗೆ ತಿಂದು ನೋಡಬಹುದು.

ಸಸ್ಯಾಹಾರಿಗಳು ಹೆಚ್ಚು ಎಚ್ಚರ ವಹಿಸಬೇಕಾಗುತ್ತದೆ. ಇಲೊಕಾನೊ ಅಡುಗೆಯಲ್ಲಿ ತರಕಾರಿ ಧಾರಾಳವಾಗಿದೆ: ಬದನೆ, ಬೆಂಡೆ, ಹಾಗಲ, ಹೀರೆ, ನುಗ್ಗೆಸೊಪ್ಪು, ನುಗ್ಗೆಕಾಯಿ ಎಲ್ಲವೂ ಇವೆ. ಆದರೆ ಪಿನಕ್ಬೆತ್, ದಿನೆಂಗ್ದೆಂಗ್ ಮುಂತಾದ ಪಲ್ಯ, ಸಾರುಗಳಿಗೆಲ್ಲ ಬಾಗೋಂಗ್ ಎಂಬ ಹುದುಗಿಸಿದ ಮೀನಿನ ರಸವನ್ನು ಉಪ್ಪಿನ ಬದಲು ಹಾಕುತ್ತಾರೆ. ಬರಿಯ ‘ವೆಜಿಟೇರಿಯನ್’ ಎಂದರೆ ಮಾಂಸವಿಲ್ಲ ಎಂದಷ್ಟೇ ಅರ್ಥ ಮಾಡಿಕೊಳ್ಳುವುದುಂಟು. ಬಾಗೋಂಗ್ ಬೇಡ, ಮೀನು ಬೇಡ, ಹಂದಿ ಬೇಡ ಎಂದು ಒಂದೊಂದನ್ನೂ ಹೆಸರಿಸಿ ಹೇಳಿ. ಮೊಟ್ಟೆ ತಿನ್ನುವವರಿಗೆ ಸುಟ್ಟ ಬದನೆಕಾಯಿ, ಟೊಮೆಟೊ, ಈರುಳ್ಳಿ, ಮೊಟ್ಟೆ ಸೇರಿಸಿ ಮಾಡುವ ಪೋಕಿಪೋಕಿ ಬಹಳ ರುಚಿ. ಎಂಪನಾಡಾವನ್ನು ಪರಂಗಿಕಾಯಿ ಮಾತ್ರ ಹಾಕಿ ಮಾಡಿಕೊಡಲು ಕೇಳಬಹುದು, ಆದರೆ ಕರಿಯುವ ಎಣ್ಣೆ ಒಂದೇ ಆಗಿರುತ್ತದೆ. ಕಟ್ಟುನಿಟ್ಟಿನವರು ಚಟ್ನಿಪುಡಿ, ಅವಲಕ್ಕಿ, ಸಿದ್ಧ ಉಪ್ಪಿಟ್ಟಿನ ಪೊಟ್ಟಣ ಒಯ್ಯುವುದೇ ಕ್ಷೇಮ. ಅನ್ನ, ಬಾಳೆಹಣ್ಣು, ಮಾವು ಎಲ್ಲೆಡೆ ಸಿಗುತ್ತವೆ. ಕುಡಿಯಲು ಬಾಟಲಿ ನೀರನ್ನೇ ಬಳಸಿ.

ಎರಡನೆಯ ದಿನ: ಕುಂಬಾರರು, ನೇಕಾರರು

ಈ ದಿನಕ್ಕೆ ಕಲೇಸಾ ಎಂಬ ಕುದುರೆಗಾಡಿ ಅಥವಾ ಟ್ರೈಸಿಕಲ್ಲನ್ನು ಗಂಟೆಯ ಲೆಕ್ಕದಲ್ಲಿ ಗೊತ್ತುಮಾಡಿಕೊಳ್ಳಿ. ಎಲ್ಲೆಲ್ಲಿಗೆ ಹೋಗಬೇಕು, ಒಟ್ಟು ಎಷ್ಟು, ಆ ಮೊತ್ತ ಗಾಡಿಗೋ ತಲೆಗೋ ಎಂಬುದನ್ನು ಹತ್ತುವ ಮೊದಲೇ ಮಾತಾಡಿ ಮುಗಿಸಬೇಕು. ಕುದುರೆ ಬಳಲಿದ್ದರೆ, ಮೈಮೇಲೆ ಗಾಯವಿದ್ದರೆ ಆ ಗಾಡಿ ಬೇಡ.

ಮೊದಲು ಬುರ್ನಾಯ್ ಭರಣಿಗಳನ್ನು ಮಾಡುವ ಕುಂಬಾರಸಾಲೆಗೆ ಹೋಗಿ. ಚೀನಾದಿಂದ ಬಂದು ನೆಲೆಸಿದವರು ತಂದ ವಿದ್ಯೆ ಇದು. ಅಂಗಳದಲ್ಲಿ ಮಣ್ಣು ಹದಮಾಡಲು ಎಮ್ಮೆಯನ್ನು ಸುತ್ತಿಸುತ್ತಾರೆ, ಅದರ ಗೊರಸಿನ ತುಳಿತಕ್ಕೆ ಮಣ್ಣು ನುಣ್ಣಗಾಗುತ್ತದೆ. ತಿಗರಿಯನ್ನು ಕಾಲಿನಿಂದ ತಿರುಗಿಸುತ್ತಾರೆ. ಕುಂಬಾರನ ಕೈಯಲ್ಲಿ ಮಣ್ಣಿನ ಮುದ್ದೆ ಕಣ್ಣೆದುರಿಗೇ ಎತ್ತರವಾಗುತ್ತ, ಹೊಟ್ಟೆ ಉಬ್ಬಿ, ಕಂಠ ಕಿರಿದಾಗಿ ಭರಣಿಯಾಗುತ್ತದೆ. ಹಿಂಭಾಗದಲ್ಲಿ ಇಳಿಜಾರಿನಲ್ಲಿ ಮಲಗಿರುವ ಉದ್ದನೆಯ ಇಟ್ಟಿಗೆಯ ಆವಿಗೆಯನ್ನು ತಪ್ಪದೆ ನೋಡಿ. ಕೆಳತುದಿಯಲ್ಲಿ ಹಚ್ಚಿದ ಬೆಂಕಿಯ ಝಳ ಮೇಲಿನವರೆಗೂ ಏರಿ ಒಳಗೆ ಜೋಡಿಸಿದ ಭರಣಿಗಳನ್ನೆಲ್ಲ ಕಲ್ಲಿನಷ್ಟು ಗಟ್ಟಿಯಾಗಿ ಬೇಯಿಸುತ್ತದೆ. ನಮ್ಮ ಅಜ್ಜಿಯಂದಿರ ಉಪ್ಪಿನಕಾಯಿ ಭರಣಿಯಂತೆ ಇಲ್ಲಿ ಬಾಸಿ, ವಿನಿಗರ್, ಬಾಗೋಂಗ್ ಎಲ್ಲವೂ ಹದವಾಗುವುದು ಈ ಪಾತ್ರೆಯಲ್ಲಿಯೇ. ನೋಡಲು ಬಿಟ್ಟದ್ದಕ್ಕೆ, ಕೈಯಾಡಿಸಲು ಕಲಿಸಿದ್ದಕ್ಕೆ ಒಂದಿಷ್ಟು ಹಣ ಕೊಡುವುದು ಅಥವಾ ಒಂದು ಚಿಕ್ಕ ಪಾತ್ರೆ ಕೊಳ್ಳುವುದು ಸರಿಯಾದ ನಡತೆ.

ಅಲ್ಲಿಂದ ಮಿಂದೊರೊ ಅಥವಾ ಕಮಂಗಾನ್ ಬಡಾವಣೆಯ ನೇಕಾರರಲ್ಲಿಗೆ ಹೋಗಿ. ಆಬೆಲ್ ಎಂಬ ಇಲೊಕೊಸ್‌ನ ಹತ್ತಿಬಟ್ಟೆ ಗಟ್ಟಿತನಕ್ಕೆ ಹೆಸರಾದದ್ದು. ಹಿಂದೆ ಹಡಗುಗಳ ಹಾಯಿಗೂ ಇದನ್ನು ಬಳಸುತ್ತಿದ್ದರು. ಮರದ ಮಗ್ಗದಲ್ಲಿ ಕಾಲಿನಿಂದ ತುಳಿಗೆ ಒತ್ತುತ್ತ, ಕೈಯಿಂದ ಲಾಳಿ ಎಸೆಯುತ್ತ, ಹೆಂಗಸರೇ ಹೆಚ್ಚಾಗಿ ನೇಯುತ್ತಾರೆ. ಬಿನಾಕೊಲ್ ಎಂಬ ವಿನ್ಯಾಸವನ್ನು ಕೇಳಿ ನೋಡಿ: ಚೌಕಗಳು ಹಿಗ್ಗುತ್ತ ಕುಗ್ಗುತ್ತ ಹೋಗಿ, ಚಪ್ಪಟೆ ಬಟ್ಟೆಯೇ ಸುಳಿಯಂತೆ ಉಬ್ಬಿ ತಗ್ಗಿದ ಹಾಗೆ ಕಾಣುತ್ತದೆ. ಕ್ರಿಸೊಲೊಗೊ ಬೀದಿಯ ಅಂಗಡಿಗಳಲ್ಲಿ ಮುದ್ರಿಸಿದ ಬಟ್ಟೆಯೂ ಯಂತ್ರದ ಬಟ್ಟೆಯೂ ಕೈಮಗ್ಗದ ಬಟ್ಟೆಯ ಜೊತೆಗೇ ಮಾರಾಟವಾಗುವುದುಂಟು. ಬಟ್ಟೆಯನ್ನು ಮಗುಚಿ ನೋಡಿ. ನೇಯ್ದ ವಿನ್ಯಾಸ ಹಿಂಭಾಗದಲ್ಲಿಯೂ ಇರುತ್ತದೆ, ಮುದ್ರಿಸಿದ್ದಾದರೆ ಹಿಂದೆ ಬಣ್ಣ ಮಸುಕು. ಕೈಮಗ್ಗದ ಬಟ್ಟೆಯ ಅಂಚು ಯಂತ್ರದ್ದರಷ್ಟು ನೇರವಾಗಿರುವುದಿಲ್ಲ. ಕೊಳ್ಳುವುದಾದರೆ ನೇಯುವವರ ಮನೆಯಲ್ಲಿಯೇ ಕೊಳ್ಳಿ, ಮತ್ತು ಅಲ್ಲಿ ಬೆಲೆಯನ್ನು ಬಹಳ ಎಳೆದಾಡಬೇಡಿ. ಒಂದು ಹೊದಿಕೆಗೆ ಎಷ್ಟು ದಿನದ ದುಡಿಮೆ ಬೇಕೆಂದು ಅವರನ್ನೇ ಕೇಳಿದರೆ ಚೌಕಾಸಿಗೆ ಮನಸ್ಸು ಬಾರದು.

ಸಮಯ ಉಳಿದರೆ ಸಂಜೆ ಬಂತಾಯ್ ಗೋಪುರದ ದಿಬ್ಬಕ್ಕೆ ಹೋಗಬಹುದು. ಮೂರನೆಯ ದಿನವೂ ಇರುವವರು ದಕ್ಷಿಣಕ್ಕೆ ಸಾಂತಾ ಮರಿಯಾ ಊರಿನ ಚರ್ಚಿಗೆ ಬಸ್ಸಿನಲ್ಲಿ ಹೋಗಿಬರಲಿ. ಗುಡ್ಡದ ನೆತ್ತಿಯ ಮೇಲೆ ಕೋಟೆಯಂತೆ ಕುಳಿತಿರುವ, ಉದ್ದನೆಯ ಮೆಟ್ಟಿಲ ಸಾಲು ಹತ್ತಿ ಸೇರಬೇಕಾದ ಆ ಚರ್ಚು, ಪವಾಯ್‌ನದರಂತೆಯೇ 1993ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದೆ.

ಮಾತು ಮತ್ತು ನಡತೆ

ಊರವರ ಮಾತು ಇಲೊಕಾನೊ. ಇಂಗ್ಲಿಷ್ ಬಹುತೇಕ ಎಲ್ಲರಿಗೂ ಅರ್ಥವಾಗುತ್ತದೆ. ನಿಮಗಿಂತ ಹಿರಿಯ ಗಂಡಸನ್ನು ಮನೋಂಗ್, ಹೆಂಗಸನ್ನು ಮನಾಂಗ್ ಎಂದು ಕರೆಯಿರಿ, ಬೆಳಿಗ್ಗೆ ‘ನಾಯಿಂಬಾಗ್ ಅ ಬಿಗಾತ್’ ಎಂದು ವಂದಿಸಿ, ಕೃತಜ್ಞತೆಗೆ ‘ಅಗ್ಯಮನಾಕ್’ ಎನ್ನಿ. ಬೆಲೆ ಕೇಳಲು ‘ಸಗ್ಮಮನೊ?’ ಎಂದರೆ ಸಾಕು. ಶೌಚಾಲಯವನ್ನು ದೇಶದಾದ್ಯಂತ ಸಿ.ಆರ್. ಎನ್ನುತ್ತಾರೆ, ಬೇರೆ ಹೆಸರಿನಲ್ಲಿ ಕೇಳಿದರೆ ತಡವಾಗಿ ಅರ್ಥವಾಗಬಹುದು. ಮನೆಯೊಳಗೆ, ಮಗ್ಗದ ಎದುರು, ಆವಿಗೆಯ ಬಳಿ ಕೆಲಸ ಮಾಡುವವರ ಫೋಟೊ ತೆಗೆಯುವ ಮೊದಲು ಅನುಮತಿ ಕೇಳಿ. ತುರ್ತು ಸಹಾಯಕ್ಕೆ 911ಕ್ಕೆ ಕರೆ ಮಾಡಬೇಕು.

ಮರಳುವಾಗ

ಮನಿಲಾದ ಬಸ್ಸಿನ ಟಿಕೆಟನ್ನು ಬಂದ ದಿನವೇ ಕೊಂಡಿಟ್ಟುಕೊಳ್ಳಿ. ಭಾನುವಾರ ಸಂಜೆಯ ಬಸ್ಸುಗಳು ಬೇಗ ತುಂಬುತ್ತವೆ. ವಿಗಾನ್‌ನಿಂದ ಹೊರಟ ದಿನವೇ ಭಾರತದ ವಿಮಾನ ಹಿಡಿಯುವ ಲೆಕ್ಕ ಹಾಕಬೇಡಿ, ಏಕೆಂದರೆ ಮನಿಲಾದ ವಾಹನದಟ್ಟಣೆಯಲ್ಲಿ ಬಸ್ ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೇ ಎರಡು ಗಂಟೆ ಹಿಡಿಯಬಹುದು. ನಡುವೆ ಒಂದು ರಾತ್ರಿ ಮನಿಲಾದಲ್ಲಿ ಇಟ್ಟುಕೊಳ್ಳಿ. ಕೊಂಡ ಬುರ್ನಾಯ್ ಪಾತ್ರೆಯನ್ನು ಆಬೆಲ್ ಹೊದಿಕೆಯಲ್ಲಿ ಸುತ್ತಿ ಕೈಚೀಲದಲ್ಲಿ ಒಯ್ಯಿರಿ. ಬಾಸಿ, ವಿನಿಗರ್‌ಗಳ ಶೀಶೆಗಳನ್ನು ವಿಮಾನದ ಒಳಗೆ ಒಯ್ಯಲು ಬಿಡುವುದಿಲ್ಲವಾದ್ದರಿಂದ ಅವನ್ನು ದೊಡ್ಡ ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಇಡಬೇಕು. ಮಾಂಸದ ಲೊಂಗನೀಸಾವನ್ನು ಅಲ್ಲಿಯೇ ತಿಂದು ಮುಗಿಸಿ. ಬೆಳ್ಳುಳ್ಳಿ ಹಾಕಿ ಕರಿದ ಜೋಳದ ಚಿಚಾಕಾರ್ನ್ ಪೊಟ್ಟಣಗಳನ್ನು ಮನೆಯವರಿಗೆ ಧಾರಾಳವಾಗಿ ತರಬಹುದು.